ಕಹಿ ಸೋರೆಯ ಮೊದಲ ಹೋಳು

ಗುಡ್ಡದ ಓಣಿ, ತುಂಗಭದ್ರೆಯ ಒಣದಂಡೆ
ಇಸವಿ ೨೨೮೪, ಕಿರಿಬೇಸಿಗೆ, ಬನ್ನಿಯ ಮರುದಿನ

ಮಾಳಿಗೆಯ ಮೇಲೆ ಕುಂಡ ಇಟ್ಟು, ಬೀಜ ಎತ್ತಿಟ್ಟು, ತಮ್ಮಂಥವರ ಜೊತೆ ಬದಲು ಮಾಡಿಕೊಳ್ಳುವ ಹಿಂದಿನ ಕಾಲದವರಿಗೆ,

ಇಸವಿ ನೋಡಿ ನಗಬೇಡಿ. ಕಿರಿಬೇಸಿಗೆ ಎಂದರೇನು ಎಂದು ಕೇಳುವಿರಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ, ಹಿರಿದು ಒಂದು, ಕಿರಿದು ಒಂದು. ನಡುವೆ ಮಳೆ ಬಂದು ಮುಖ ತೋರಿಸಿ ಹೋಗುತ್ತದೆ. ನನ್ನ ಮಾತು ಅಲ್ಲಲ್ಲಿ ತೊಡರಿದರೆ ಕ್ಷಮಿಸಿ. ನಮ್ಮ ಆಡುಮಾತು ನಿಮ್ಮ ಕಾಲದ ಈ ಸೀಮೆಯ ಮಾತಿನಿಂದ ಬಹಳ ದೂರ ಹೋಗಿಲ್ಲ. ಆದರೆ ಬರೆಯುವ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಕಸದಿಂದ. ಶಾಂಪೂ ಚೀಟಿ, ಗೊಬ್ಬರದ ಚೀಲ, ಬಿಸ್ಕತ್ತಿನ ಪೊಟ್ಟಣ, ಇವೇ ನನ್ನ ಅಂಕಲಿಪಿ. ನನ್ನ ವಾಕ್ಯಗಳಿಗೆ ಪೊಟ್ಟಣದ ವಾಸನೆ ಹೊಡೆದರೆ ಅದು ನಿಮ್ಮದೇ ವಾಸನೆ ಎಂದು ತಿಳಿಯಿರಿ.

ಓಲೆಯ ಮೊದಲಲ್ಲಿ ಹಿರಿಯರ ಕ್ಷೇಮ ಕೇಳಬೇಕು. ನಾನು ಕೇಳುವುದಿಲ್ಲ. ನಿಮ್ಮನ್ನು ನೆನೆದಾಗ ನನಗೆ ಬರುವುದು ಹೇಸಿಗೆ. ಹೀಗೆ ಬರೆಯಬಾರದು ಎಂದು ನನ್ನ ಗಂಡ ಪಕ್ಕದಲ್ಲೇ ಕುಳಿತು ಗೊಣಗುತ್ತಿದ್ದಾನೆ, ಆದರೂ ಬರೆಯುತ್ತಿದ್ದೇನೆ.

ನನ್ನ ಹೆಸರು ಫಕ್ಕೀರವ್ವ. ನಾನಿರುವುದು ನೀವು ಬಿಟ್ಟುಹೋದ ಕಸದ ಗುಡ್ಡದ ಬುಡದಲ್ಲಿ. ಈ ಓಲೆಯನ್ನು ಒಣ ಸೋರೆಬುರುಡೆಯಲ್ಲಿ ಹಾಕಿ, ಬಾಯಿಗೆ ಮೇಣ ಹಚ್ಚಿ, ಅದೇ ಗುಡ್ಡದಲ್ಲಿ ಹೂಳುತ್ತೇನೆ. ಗುಡ್ಡದ ಮೇಲಿನ ಪದರ ಕೊನೆಯವರದ್ದು, ಅಡಿಯ ಪದರ ನಿಮ್ಮದು. ಆಳಕ್ಕೆ ಹೂತದ್ದು ಹಿಂದಿನವರಿಗೆ ಮುಟ್ಟುತ್ತದೆ ಎಂದು ನಮ್ಮಲ್ಲೊಂದು ನಂಬಿಕೆ ಇದೆ. ಇದುವರೆಗೆ ಯಾರೂ ಉತ್ತರ ಪಡೆದಿಲ್ಲ, ಆದರೂ ಹೂಳುತ್ತೇವೆ.

ನಮ್ಮ ಮನೆಗಳು ಅರ್ಧ ನೆಲದೊಳಗೆ ಇರುತ್ತವೆ, ತಗ್ಗುಮನೆ ಎನ್ನುತ್ತೇವೆ. ಒಳಗೆ ಬರಬೇಕಾದರೆ ಮೆಟ್ಟಿಲು ಇಳಿಯಬೇಕು. ಮೇಲಿರುವುದು ತೋಟ. ಅದರ ಮೇಲೆ ನೆರಳುಬಟ್ಟೆ, ಅಂದರೆ ಹಳೆಯ ಚೀಲಗಳನ್ನು ಬಿಚ್ಚಿ ಹೆಣೆದ ಚಪ್ಪರ. ಸೂರ್ಯ ನೆತ್ತಿಗೇರುವ ಮೊದಲು ಗಿಡದ ಕೆಲಸ ಮುಗಿಯಬೇಕು, ಆಮೇಲೆ ಸಂಜೆಯವರೆಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಪಾತ್ರೆ ತೊಳೆದ ನೀರು ದೊಡ್ಡಪತ್ರೆಗೆ, ಅಕ್ಕಿ ತೊಳೆದ ನೀರು ಸೋರೆಗೆ, ಮುಖ ತೊಳೆದ ನೀರು ಪುದೀನಕ್ಕೆ, ಇದರಲ್ಲಿ ಹೆಚ್ಚುಕಡಿಮೆ ಆದರೆ ಅತ್ತೆ ಸೊಸೆಯರು ಮಾತು ಬಿಡುತ್ತಾರೆ. ಅಂಗಡಿಯಲ್ಲಿ ಬೀಜ ಸಿಗುತ್ತಿತ್ತು ಎಂದರೆ ನಮ್ಮ ಮಕ್ಕಳು ನಂಬುವುದಿಲ್ಲ. ಅಂಗಡಿಯ ಬೀಜ ಒಮ್ಮೆ ಫಲ ಕೊಟ್ಟು ಮರುವರ್ಷ ಮುನಿಸಿಕೊಳ್ಳುತ್ತಿತ್ತಂತೆ. ಮುನಿದ ಬೀಜ, ಮುನಿದ ಅಂಗಡಿ, ಕೊನೆಗೆ ಎರಡೂ ಇಲ್ಲವಾದವು. ಈಗ ಒಬ್ಬರ ಕೈಯಿಂದ ಇನ್ನೊಬ್ಬರ ಉಡಿಗೆ ಬಿದ್ದರೆ ಉಂಟು, ಇಲ್ಲವಾದರೆ ಇಲ್ಲ.

ಆ ಬದಲು ನಡೆಯುವುದು ಬನ್ನಿಯ ದಿನ. ನೀವು ದಸರೆ ಮುಗಿದ ಸಂಜೆ ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೂಣು ಎಂದು ಕೈ ಮುಗಿಯುತ್ತಿದ್ದಿರಲ್ಲ, ಆ ಪದ್ಧತಿ ಉಳಿದಿದೆ. ಬನ್ನಿ ಮರ ಊರಿಗೆ ಒಂದೇ ಉಳಿದದ್ದರಿಂದ ಎಲೆ ಕೀಳುವುದನ್ನು ಬಿಟ್ಟು ಬೀಜ ಕೊಡಲು ಶುರು ಮಾಡಿದೆವು. ಮರದ ಸುತ್ತಲಿನ ಕಟ್ಟೆಗೆ ಬದಲುಕಟ್ಟೆ ಎಂದು ಹೆಸರು. ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಸೋರೆ ಹೀರೆಯ ಬೀಜವಾದರೆ ಸಗಣಿಯಲ್ಲಿ ಒತ್ತಿ ಗೋಡೆಗೆ ಬಡಿದು ಒಣಗಿಸಿ ತರುತ್ತೇವೆ. ಸೊಪ್ಪು ಮದ್ದಿನ ಗಿಡವಾದರೆ ಟಿಸಿಲು ಮುರಿದು, ಅಂಟವಾಳದ ನೀರಿನಲ್ಲಿ ಅದ್ದಿ, ಎಲೆಯ ಹಿಂಬದಿಯನ್ನು ಎಲ್ಲರಿಗೂ ತಿರುಗಿಸಿ ತೋರಿಸಿದ ಮೇಲೆಯೇ ಕೊಡಬೇಕು. ಇಷ್ಟು ಕಟ್ಟುನಿಟ್ಟು ಯಾಕೆ ಬಂತು ಎಂದು ಕೇಳಿದರೆ, ನಿಮ್ಮ ದೆಸೆಯಿಂದ.

ನಿಮ್ಮ ಗುಡ್ಡವನ್ನು ನಾನು ಚಿಕ್ಕಂದಿನಿಂದ ಅಗೆದಿದ್ದೇನೆ. ಅದರಲ್ಲಿ ಒತ್ತಿದರೆ ಟಕ್ ಎಂದು ಮುಚ್ಚಿಕೊಳ್ಳುವ ಪುಟ್ಟ ಪ್ಲಾಸ್ಟಿಕ್ ಕವರುಗಳು ರಾಶಿ ರಾಶಿಯಾಗಿ ಸಿಗುತ್ತವೆ. ಒಳಗೆ ಬೀಜ, ಜೊತೆಗೊಂದು ಚೀಟಿ. ಅಜ್ಜಿ ಕಾಲದ ನಾಟಿ ಟೊಮೆಟೊ. ಅಪರೂಪದ ಬಿಳಿ ಬದನೆ. ಪ್ರೀತಿಯಿಂದ, ಸಹತೋಟಿಗರಿಗೆ. ಚೀಟಿಗೆ ಚಿತ್ರ, ಚಿತ್ರಕ್ಕೆ ಬಣ್ಣ, ಕವರಿಗೆ ದಾರದ ಕುಚ್ಚು. ಬೀಜ ಮಾತ್ರ ಜೊಳ್ಳು. ಮೂಗಿಗಿಂತ ಮೂಗುತಿ ಭಾರ ಎಂದು ನಿಮ್ಮ ಕಾಲದಲ್ಲೇ ಗಾದೆ ಇತ್ತಲ್ಲ, ಅದನ್ನು ಯಾರಿಗೆ ಹೇಳುತ್ತಿದ್ದಿರಿ? ಒಂದೇ ಚೀಲದಲ್ಲಿ ಅಂಥ ಕವರುಗಳು ಕೈತುಂಬಾ ಸಿಗುತ್ತವೆ, ಒಂದನ್ನೂ ಬಿಚ್ಚಿಲ್ಲ. ಪುಕ್ಕಟೆ ಸಿಕ್ಕರೆ ನನಗೂ ಒಂದಿರಲಿ, ನಮ್ಮಪ್ಪನಿಗೂ ಒಂದಿರಲಿ ಎಂದು ಬಾಚಿಕೊಂಡು, ಮನೆಗೆ ತಂದು, ಡಬ್ಬಿಯಲ್ಲಿಟ್ಟು ಮರೆತು, ಮನೆ ಗುಡಿಸುವಾಗ ಎಸೆದಿದ್ದೀರಿ. ಬಿತ್ತಲು ಮನಸ್ಸಿಲ್ಲದವರು ಕೈ ಚಾಚಿದ್ದಾದರೂ ಯಾಕೆ? ಇನ್ನು ನಿಮ್ಮ ದೊಡ್ಡಪತ್ರೆಯ ಟಿಸಿಲಿನ ಜೊತೆ ಊರಿಂದ ಊರಿಗೆ ಹೋದ ಹಿಟ್ಟುತಿಗಣೆಯ ಮಾತು ಎತ್ತಿದರೆ ಈ ಓಲೆ ಮುಗಿಯುವುದಿಲ್ಲ. ಬಿಳಿ ಹಿಟ್ಟು ಮೆತ್ತಿದ ಕಡ್ಡಿಯನ್ನು ನಗುತ್ತಾ ಕೊಟ್ಟಿದ್ದೀರಿ, ನಗುತ್ತಾ ತೆಗೆದುಕೊಂಡಿದ್ದೀರಿ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ ಎಂದು ಆಡಿಕೊಳ್ಳುತ್ತಿದ್ದಿರಂತೆ. ನಾನು ಹೇಳುತ್ತೇನೆ, ಅವಳು ಮೊಳ ಹಾಕಿದ್ದೇ ಸರಿ. ಹಿತ್ತಲಿಗೆ ಹೋಗುವ ಅಗತ್ಯವೂ ಇರಲಿಲ್ಲ, ಕೊಟ್ಟವರ ಮುಂದೆಯೇ ಹಾಕಬೇಕಿತ್ತು.

ಒಂದು ಚೀಟಿ ಮಾತ್ರ ನನ್ನ ತಲೆಯಿಂದ ಹೋಗುವುದಿಲ್ಲ. ಸೋರೆಬೀಜದ ಕವರಿನಲ್ಲಿ ಇದ್ದದ್ದು. ದುಂಡನೆಯ ಅಕ್ಷರ, ಒಳ್ಳೆಯ ಮನೆತನದ ಕೈ. ನಾನು ತಿಂದು ನೋಡಿಲ್ಲ, ನೀವು ಬೆಳೆದು ಹೇಳಿ, ಒಳ್ಳೆಯದಾಗಲಿ. ಇಷ್ಟೇ. ಇದನ್ನು ಬರೆದವಳೋ ಬರೆದವನೋ ಕೆಟ್ಟವರಲ್ಲ ಎಂದು ನನ್ನ ಗಂಡ ವಾದ ಮಾಡುತ್ತಾನೆ. ಇರಬಹುದು. ಅದನ್ನು ಓದಿದಾಗಲೆಲ್ಲ ನನಗೆ ವಾಕರಿಕೆ ಬರುತ್ತದೆ.

ಯಾಕೆಂದರೆ ಸೋರೆ ನಮಗೆ ಬರೀ ತರಕಾರಿಯಲ್ಲ. ಹಿರಿಬೇಸಿಗೆಯಲ್ಲಿ ಹಾಲು ಬತ್ತಿದ ತಾಯಂದಿರಿಗೆ ಸೋರೆಯ ಗಂಜಿ, ಹಲ್ಲು ಬರುವ ಕೂಸಿಗೆ ಸೋರೆಯ ತಿರುಳು, ಜ್ವರ ಬಂದವರಿಗೆ ಸೋರೆಯ ನೀರು. ಒಣಗಿದರೆ ಅದೇ ನೀರಿನ ಬುರುಡೆ. ಆದರೆ ನೀವು ಬಿತ್ತದೆ ಎಸೆದ ಬೀಜಗಳು ಗುಡ್ಡದಲ್ಲಿ ತಾವೇ ಮೊಳೆತವು. ತಿನ್ನುವ ಸೋರೆ, ಬರೀ ಚಂದಕ್ಕೆಂದು ಯಾವ ದೇಶದಿಂದಲೋ ತರಿಸಿದ ಸೋರೆ, ಎಲ್ಲ ಒಂದರ ಮೇಲೊಂದು ಹಬ್ಬಿ ಬೆರೆತವು. ಈಗ ಗುಡ್ಡದ ತುಂಬ ಇರುವುದು ಕಹಿ ಸೋರೆ. ಅದರ ಕಹಿ ಹಾಗಲದ ಕಹಿಯಂತಲ್ಲ, ನಾಲಿಗೆಗೆ ಎಚ್ಚರಿಕೆ ಕೊಟ್ಟು ಸುಮ್ಮನಾಗುವುದಿಲ್ಲ, ಹೊಟ್ಟೆಗಿಳಿದರೆ ಕರುಳನ್ನು ಹಿಂಡಿ ರಕ್ತ ಕಾರಿಸುತ್ತದೆ. ನೋಡಲು ಸಿಹಿ ಸೋರೆಗೂ ಅದಕ್ಕೂ ಒಂದು ಗೆರೆಯಷ್ಟೂ ವ್ಯತ್ಯಾಸವಿಲ್ಲ. ಸಂಜೆ ಸೋರೆಯ ಬಿಳಿ ಹೂ ಬಿಚ್ಚುವಾಗ ಪತಂಗಗಳು ಗುಡ್ಡದಿಂದ ನಮ್ಮ ತೋಟಕ್ಕೆ ಬರುತ್ತವೆ. ಗುಡ್ಡದ ಹೂವಿನ ಹುಡಿ ನಮ್ಮ ಹೂವಿಗೆ ಬಿತ್ತೋ, ಈ ವರ್ಷದ ಕಾಯಿ ಸಿಹಿಯಾಗಿಯೇ ಇರುತ್ತದೆ, ಅದರ ಬೀಜದಿಂದ ಬರುವ ಮರುವರ್ಷದ ಬಳ್ಳಿ ಕಹಿಯಾಗುತ್ತದೆ. ಅದಕ್ಕೆ ನಾವು ಹೂಗಟ್ಟು ಮಾಡುತ್ತೇವೆ. ಹೆಣ್ಣು ಹೂವು ಬಿಚ್ಚುವ ಮುನ್ನ ಬಾಯಿಗೆ ನೂಲು ಸುತ್ತಿ, ಸಂಜೆ ಅದನ್ನು ಸಡಿಲಿಸಿ ನಮ್ಮದೇ ಬಳ್ಳಿಯ ಗಂಡು ಹೂವನ್ನು ಮುಟ್ಟಿಸಿ, ಮತ್ತೆ ಕಟ್ಟಿಬಿಡುವುದು. ನೂಲು ಇರುವ ಕಾಯಿಯ ಬೀಜ ಮಾತ್ರ ಕಟ್ಟೆಗೆ ಹೋಗುತ್ತದೆ.

ಅದೂ ಸಾಲದು ಎಂದು ಮೊದಲ ಹೋಳಿನ ಪದ್ಧತಿ ಇದೆ. ಬೀಜದ ಬಳ್ಳಿಯ ಕಾಯನ್ನು ಬನ್ನಿಗೆ ಮುಂಚೆ ಯಾರೂ ಬಾಯಿಗೆ ಹಾಕುವಂತಿಲ್ಲ. ಬನ್ನಿಯ ದಿನ ಕೊಡುವವಳು ಬಲಿತ ಕಾಯಿಯ ಬೀಜದ ಜೊತೆ ಅದೇ ಬಳ್ಳಿಯ ಒಂದು ಎಳೆಯ ಕಾಯನ್ನೂ ತಂದು, ಕಟ್ಟೆಯ ಮೇಲೆ ಎಲ್ಲರ ಮುಂದೆ ಕೊಯ್ದು, ಮೊದಲ ಹೋಳನ್ನು ಹಸಿಯಾಗಿಯೇ ತಾನು ತಿನ್ನಬೇಕು. ಸಿಹಿಯಾದರೆ ನುಂಗಬೇಕು, ಕಹಿಯಾದರೆ ಉಗುಳಬೇಕು. ಉಗುಳಿದರೆ ಆ ಬೀಜವೆಲ್ಲ ಒಲೆಗೆ, ಬಳ್ಳಿ ಬೇರುಸಹಿತ ಹೊರಗೆ. ಮುಂಚೆ ಊರಿಗೊಬ್ಬ ರುಚಿ ನೋಡುವವನಿದ್ದನಂತೆ. ಎಲ್ಲರ ಕಾಯಿ ತಿಂದು ತಿಂದು ಅವನು ಸತ್ತ ಮೇಲೆ, ಕೊಡುವವಳ ನಾಲಿಗೆಯೇ ಸಾಕ್ಷಿಯಾಗಲಿ ಎಂದಾಯಿತು. ಒಬ್ಬ ಹಿರಿಯರು ಎದುರಿಗೆ ಕುಳಿತು ಅವಳ ಮುಖವನ್ನು ಮಾತ್ರ ನೋಡುತ್ತಾರೆ. ಅವರಿಗೆ ಮುಖಗಾರರು ಎನ್ನುತ್ತೇವೆ. ನಮ್ಮ ಮುಖಗಾರರು ಮಕ್ತುಂಸಾಬ್ ಕಾಕಾ. ಕಣ್ಣು ಮಂಜಾಗಿದ್ದರೂ ಹುಬ್ಬಿನ ಸಣ್ಣ ಮಿಡುಕನ್ನು ಬಿಡದ ಮನುಷ್ಯ. ಉಳಿದ ಕಾಯಿ ಆ ವರ್ಷ ಹೆತ್ತ ಮನೆಗೆ ಸೇರುತ್ತದೆ. ಅದಕ್ಕೆ ಬಾಣಂತಿ ಪಾಲು ಎಂದು ಹೆಸರು.

ನಮ್ಮದು ಸಿಹಿಸೋರೆಯವರ ಮನೆ. ಊರಿನಲ್ಲಿ ಸೋರೆ ಬೀಜ ಕೊಡುವ ಮನೆ ಇದೊಂದೇ ಉಳಿದಿರುವುದು. ಕೊಡುವ ಹಕ್ಕು ಹಿರಿಯ ಸೊಸೆಯದು, ಅಂದರೆ ನನ್ನ ನೆಗೆಣ್ಣಿ ನೀಲಗಂಗಕ್ಕನದು. ನನ್ನ ಗಂಡನ ಅಣ್ಣನ ಹೆಂಡತಿ. ಕೊಡುವುದರಲ್ಲಿ ಎತ್ತಿದ ಕೈ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವಳಲ್ಲ. ಕೊಟ್ಟದ್ದನ್ನು ಓಣಿಯ ಕೊನೆಯವರೆಗೆ ಸಾರದೆ ಬಿಟ್ಟವಳೂ ಅಲ್ಲ. ಸಿಹಿಸೋರೆಯ ಮನೆಯವರು ಕಟ್ಟೆಯ ಮೇಲೆ ಉಗುಳಿದ್ದನ್ನು ಅಜ್ಜಿಯ ಅಜ್ಜಿಯೂ ಕಂಡಿಲ್ಲ ಎನ್ನುವುದು ಅವಳ ಬಾಯಿಪಾಠ.

ಹೋದ ವರ್ಷದ ಬನ್ನಿಗೆ ಅವಳ ಪಕ್ಕದಲ್ಲಿ ಬೀಜದ ಮೊರ ಹಿಡಿದು ನಿಂತವಳು ನಾನೇ. ಕಟ್ಟೆಯ ತುಂಬ ಜನ, ಆಚೆ ದಂಡೆಯ ಊರುಗಳಿಂದಲೂ ಬಂದಿದ್ದರು. ಅವಳು ಎಳೆಯ ಕಾಯಿ ಕೊಯ್ದು, ಹೋಳು ಬಾಯಿಗಿಟ್ಟು, ಅಗಿದು, ನುಂಗಿದಳು. ಮುಖದಲ್ಲಿ ಒಂದು ಎಳೆ ಅಲ್ಲಾಡಲಿಲ್ಲ. ನಕ್ಕಳು ಕೂಡ. "ಸಕ್ಕರಿ, ಕಾಕಾ, ಸಕ್ಕರಿ!" ಎಂದಳು. ಮಕ್ತುಂಸಾಬ್ ಕಾಕಾ ತಲೆದೂಗಿದರು. ನಾನು ಮೊರದಿಂದ ಒಂದೊಂದೇ ಉಡಿಗೆ ಬೀಜ ಹಾಕುತ್ತಾ ಹೋದೆ, ಪ್ರತಿ ಉಡಿಗೂ ಬಂಗಾರದಂಗ ಇರೂಣು ಎನ್ನುತ್ತಾ.

ಕೊನೆಗೆ ಬಾಣಂತಿ ಪಾಲಿನ ಸರದಿ ಬಂತು. ಆ ವರ್ಷ ಹೆತ್ತವಳು ಕುಂಬಾರ ಓಣಿಯ ಚಿಕ್ಕ ಹುಡುಗಿ, ಕೂಸನ್ನು ಹೆಗಲಿಗೆ ಹಾಕಿಕೊಂಡು ಬಟ್ಟಲು ಹಿಡಿದು ನಿಂತಿದ್ದಳು. ನೀಲಗಂಗಕ್ಕ ಉಳಿದ ಕಾಯನ್ನು ಎತ್ತಿಕೊಂಡವಳು ಕೊಡಲಿಲ್ಲ. "ಮಣ್ಣಾಗಿ ಬಿತ್ತವಾ, ಹೊಲಸಾತು. ನಾಳೆ ಬ್ಯಾರೆ ಕಳಸ್ತೀನಿ" ಎಂದು ಸೆರಗಿನೊಳಗೆ ಸುತ್ತಿಕೊಂಡಳು. ಕಾಯಿ ಕೆಳಗೆ ಬಿದ್ದಿರಲಿಲ್ಲ. ಅದು ಬಿದ್ದಿರಲಿಲ್ಲ ಎಂಬುದನ್ನು ನೋಡಿದವಳು ನಾನೊಬ್ಬಳೇ.

ಮನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಅವಳು ಗೋಡೆ ಹಿಡಿದಳು. ಒಳಗೆ ಬಂದವಳೇ ಕಾರಿದಳು. ಹಬ್ಬದ ಹೋಳಿಗೆ ತಿಂದದ್ದು ಹೆಚ್ಚಾಯಿತು ಎಂದಳು, ಬಿಸಿಲು ಬಡಿಯಿತು ಎಂದಳು. ಮೂರನೆಯ ಸಲಕ್ಕೆ ರಕ್ತ ಬಂತು. ನಾನು ಸೆರಗು ಬಿಡಿಸಿ ಕಾಯಿ ತೆಗೆದು ತುದಿಯನ್ನು ನಾಲಿಗೆಗೆ ಮುಟ್ಟಿಸಿದೆ. ಬೇರೆ ಹೇಳುವುದೇನಿದೆ! ಅದೇ ಗುಡ್ಡದ ಕಹಿ. ಹಿಂದಿನ ವರ್ಷ ಯಾವುದೋ ಹೂಗಟ್ಟು ಸಡಿಲಾಗಿರಬೇಕು, ಪತಂಗ ನುಸುಳಿರಬೇಕು. ಅದು ಯಾರ ತಪ್ಪೂ ಅಲ್ಲ. ಯಾರ ಬಳ್ಳಿಯೂ ಕಹಿಯಾಗಬಹುದು. ಆದರೆ ಅವಳು ನುಂಗಿದ್ದಳು.

"ಯಕ್ಕಾ, ಕಹಿ ಐತಿ ಅಂತ ಒಂದ ಮಾತ ಹೇಳು, ನಾ ಹೋಗಿ ಬೀಜಾ ತಿರುಗಿ ಇಸ್ಕೊಂಡು ಬರ್ತೀನಿ" ಎಂದೆ. ಅವಳು ಬೋಗುಣಿಯ ಮೇಲೆ ಬಗ್ಗಿಕೊಂಡೇ, "ಸಿಹಿ ಐತಿ" ಎಂದಳು. ಬಾಯಿಂದ ರಕ್ತದ ಎಳೆ ಇಳಿಯುತ್ತಿತ್ತು. "ನಾ ಸತ್ತರೂ ಸಿಹೀನ. ಈ ಮನಿತನದಾಗ ಯಾರೂ ಉಗುಳಿಲ್ಲ."

ನನಗೆ ಆಗ ಆದ ಹೇಸಿಗೆ ಕಾರಿದ್ದನ್ನು ಬಳಿದದ್ದರಿಂದ ಬಂದದ್ದಲ್ಲ. ಕುಂಬಾರ ಓಣಿಯ ಕೂಸು ಅವಳ ಎದುರಿಗೆ ಇತ್ತು, ಅದರ ಬಟ್ಟಲಿಗೆ ಕಹಿ ಕಾಯಿ ಹಾಕಲು ಅವಳ ಕೈ ಬರಲಿಲ್ಲ. ಬರುವ ವರ್ಷದ ಕೂಸುಗಳು ಎದುರಿಗೆ ಇರಲಿಲ್ಲ, ಅವಕ್ಕೆ ಕೊಡಲು ಕೈ ಬಂತು. ಮೊರದ ತುಂಬ ಕೊಟ್ಟಳು, ಬಂಗಾರದಂಗ ಇರೂಣು ಎಂದು ನನ್ನ ಬಾಯಿಂದಲೇ ಹೇಳಿಸಿ ಕೊಟ್ಟಳು. ನಿಮ್ಮ ಆ ದುಂಡನೆಯ ಅಕ್ಷರದ ಚೀಟಿ ಬರೆದವರಿಗೂ ಅವಳಿಗೂ ಏನು ವ್ಯತ್ಯಾಸ? ನಿಮ್ಮ ಮಗುವಿನ ತಟ್ಟೆಗೆ ತಿಂದು ನೋಡದ ಕಾಯನ್ನು ನೀವು ಬಡಿಸುತ್ತಿದ್ದಿರಾ? ಇಲ್ಲ. ನಾವು ನಿಮಗೆ ಕಾಣುವಷ್ಟು ಹತ್ತಿರ ಇರಲಿಲ್ಲ, ಅಷ್ಟೇ.

ನಾನು ಆ ಅರ್ಧ ಕಾಯನ್ನು ತೆಗೆದುಕೊಂಡು ಕಟ್ಟೆಗೆ ಓಡಿದೆ. ಜನ ಇನ್ನೂ ಚದುರಿರಲಿಲ್ಲ. ಮರದ ಕೆಳಗೆ ನಿಂತು, ಒಂದು ತುಂಡು ಕಚ್ಚಿ, ಎಲ್ಲರ ಮುಂದೆ ಉಗುಳಿದೆ. ಮಕ್ತುಂಸಾಬ್ ಕಾಕಾ ಎದ್ದು ನಿಂತು, "ನಗು ಮುಖಾ ನೋಡಿ ಮೋಸ ಹೋದ್ನೆಲ್ಲವಾ, ನನ್ನ ಕಣ್ಣಿಗೆ ಬೆಂಕಿ ಹಾಕ" ಎಂದರು. ಕೆಲವರು ಅಲ್ಲೇ ಉಡಿ ಬಿಚ್ಚಿ ಬೀಜ ಸುರಿದರು. ಕೆಲವರು ಮುಖ ತಿರುಗಿಸಿದರು. ಮನೆಯ ಮಾನವನ್ನು ಕಟ್ಟೆಯ ಮೇಲೆ ಉಗುಳಿದವಳನ್ನು ನೋಡುವುದೂ ಅವರಿಗೆ ಮೈಲಿಗೆ. ಆಚೆ ದಂಡೆಯ ಒಬ್ಬ ಮಾತ್ರ ಉಡಿಗಂಟನ್ನು ಬಿಗಿ ಹಿಡಿದು, "ಕೊಟ್ಟ ಬೀಜಾ ತಿರುಗಿ ಕೇಳೂದು ಯಾವ ಊರಿನ ರೀತಿ? ನಮ್ಮ ಮಣ್ಣಿನಾಗ ಸಿಹಿ ಆಗ್ತಾವ ಬಿಡ್ರಿ" ಎಂದು ಹೊರಟುಹೋದ. ಅವನ ಹಿಂದೆ ಹೋದವರು ಬರಿಗೈಯಲ್ಲಿ ಬಂದರು. ಆ ಬೀಜ ಈಗ ಎಲ್ಲಿ ಹಬ್ಬಿದೆಯೋ, ಯಾವ ಬಾಣಂತಿಯ ಬಟ್ಟಲು ಸೇರಿದೆಯೋ ನನಗೆ ಗೊತ್ತಿಲ್ಲ. ಪುಕ್ಕಟೆ ಬಂದದ್ದನ್ನು ಬಿಡಲಾರದ ನಿಮ್ಮ ಗುಣ ನಿಮ್ಮ ಜೊತೆ ಮಣ್ಣಾಯಿತು ಎಂದುಕೊಂಡಿದ್ದೆ. ಗುಡ್ಡದ ಬಳ್ಳಿಯ ಹಾಗೆ ಅದೂ ಉಳಿದಿದೆ.

ನೀಲಗಂಗಕ್ಕ ಬದುಕಿದಳು. ಬದುಕಿದಳು ಎಂದು ನನಗೆ ಸಂತೋಷವಾಯಿತು, ಅದನ್ನೂ ಬರೆಯುತ್ತೇನೆ. ಎದ್ದು ಕೂರುವಂತಾದ ಮೇಲೆ ನನ್ನ ಜೊತೆ ಮಾತು ಬಿಟ್ಟಳು. ಒಂದೇ ಒಲೆ, ಒಂದೇ ಮೆಟ್ಟಿಲು, ವರ್ಷವಿಡೀ ಮಾತಿಲ್ಲ. ಏನಾದರೂ ಹೇಳಬೇಕಾದರೆ ಕೋಳಿಗೆ ಹೇಳುತ್ತಿದ್ದಳು. "ಮನಿ ಮಾನಾ ಉಗುಳಿ ಬಂದವರು ನೀರ ಹಾಕಿದ ಗಿಡದಾಗ ಹೂವಾದರೂ ಬಿಡತೈತೇನು?" ಎಂದು ಕೋಳಿಯನ್ನು ಕೇಳುವಳು. ಕೋಳಿ ಏನು ಹೇಳೀತು! ನಾನೂ ಬಿಡಲಿಲ್ಲ. ರಕ್ತ ಕಾರಿದರೂ ಜಂಬ ಕಾರದವರ ಸುದ್ದಿಯನ್ನು ಬೆಕ್ಕಿಗೆ ಹೇಳುತ್ತಿದ್ದೆ. ನಡುವೆ ಸಿಕ್ಕಿದ ಗಂಡಸರು ಊಟ ಮುಗಿಸಿ ಬೇಗ ಮೇಲೆ ಹತ್ತುತ್ತಿದ್ದರು.

ಮನೆಯಲ್ಲಿ ಉಳಿದದ್ದು ಅಡುಗೆಮನೆಯ ಗೋಡೆಗೆ ಬಡಿದ ಒಂದೇ ಒಂದು ಸಗಣಿಯ ಬಿಲ್ಲೆ. ಅತ್ತೆ ಬದುಕಿದ್ದಾಗ ಬಡಿದದ್ದು, ಹಳೆಯ ಬಳ್ಳಿಯ ಬೀಜ. ಅದು ಸಿಹಿಯಾದರೆ ಊರಿಗೆ ಸೋರೆ ಉಂಟು. ಕಹಿಯಾದರೆ ನಮ್ಮ ಕಾಲಕ್ಕೆ, ನಮ್ಮ ಮಕ್ಕಳ ಕಾಲಕ್ಕೆ ಸಿಹಿ ಸೋರೆ ಮುಗಿಯಿತು. ನೀಲಗಂಗಕ್ಕ ಬಿತ್ತಬಾರದು, ಕಟ್ಟೆ ಹತ್ತಬಾರದು ಎಂದು ಕಟ್ಟೆಯವರು ತೀರ್ಮಾನ ಮಾಡಿದ್ದರಿಂದ ನಾನು ಬಿತ್ತಿದೆ. ಒಂದು ಬಳ್ಳಿ ಎದ್ದಿತು. ಅಕ್ಕಿ ತೊಳೆದ ನೀರು ಅದಕ್ಕೆ, ಕುಡಿಯುವ ನೀರಿನಲ್ಲಿ ನನ್ನ ಪಾಲಿನ ಅರ್ಧವೂ ಅದಕ್ಕೆ. ಸಂಜೆ ಹೂಗಟ್ಟು ಮಾಡುವಾಗ ಉಸಿರು ಬಿಡಲೂ ಅಂಜುತ್ತಿದ್ದೆ. ನಾನು ಇಳಿದು ಬಂದ ಮೇಲೆ ಯಾರೋ ಹತ್ತಿ ನೂಲುಗಳನ್ನು ಮುಟ್ಟಿ ಮುಟ್ಟಿ ನೋಡಿ ಬರುತ್ತಿದ್ದರು. ಬಳೆಯ ಸದ್ದಿನಿಂದ ಯಾರೆಂದು ಗೊತ್ತಾಗುತ್ತಿತ್ತು, ಕೇಳದವಳಂತೆ ಇರುತ್ತಿದ್ದೆ.

ನಿನ್ನೆ ಬನ್ನಿ. ಮೊದಲ ಹೋಳು ನನ್ನದು.

ಕಟ್ಟೆ ಹತ್ತಿದೆ. ಕಾಯಿ ಕೊಯ್ದೆ. ಒಳಗೆ ಹಾಲಿನಂತೆ ಬೆಳ್ಳಗಿತ್ತು, ಹನಿ ಒಸರುತ್ತಿತ್ತು. ಈ ವರ್ಷ ಹೆತ್ತವಳು ಬಟ್ಟಲು ಹಿಡಿದು ನಿಂತಿದ್ದಳು. ಹೋದ ವರ್ಷ ಮುಖ ತಿರುಗಿಸಿದವರೂ ಬಂದಿದ್ದರು, ಉಡಿ ಹರವಿ ಕಾಯುತ್ತಿದ್ದರು. ಹೋಳು ಬಾಯಿಗಿಟ್ಟೆ. ಮೊದಲು ಏನೂ ಇಲ್ಲ, ಬರೀ ತಂಪು. ಮನಸ್ಸು ಕುಣಿಯಿತು. ಆಮೇಲೆ ನಾಲಿಗೆಯ ಬುಡದಲ್ಲಿ ಸಣ್ಣಗೆ ಶುರುವಾಯಿತು, ಕೊರಳಿನವರೆಗೆ ಹಬ್ಬಿತು.

ಕಹಿ.

ಬಾಯಲ್ಲಿ ಬಿಸಿತುಪ್ಪ ಎನ್ನುತ್ತಾರಲ್ಲ, ಅದು ನುಂಗುವುದಕ್ಕೂ ಅಲ್ಲ ಉಗುಳುವುದಕ್ಕೂ ಅಲ್ಲ. ಉಗುಳಿದರೆ ಊರಿಗೆ ಸೋರೆ ಇಲ್ಲ. ಆ ಹರವಿದ ಉಡಿಗಳನ್ನೆಲ್ಲ ಬರಿದಾಗಿ ಮಡಚಬೇಕು. ನುಂಗಿದರೆ ಒಂದು ವರ್ಷವಾದರೂ ಇರುತ್ತದೆ, ಇದೆ ಎಂಬ ಮಾತಾದರೂ ಇರುತ್ತದೆ. ಮರುವರ್ಷ ಸಿಹಿಯಾದರೂ ಆದೀತು, ಯಾರಿಗೆ ಗೊತ್ತು! ಥೂ, ನೋಡಿ, ಎಷ್ಟು ಸಲೀಸಾಗಿ ಬಂತು ಆ ಮಾತು. ನಮ್ಮ ಮಣ್ಣಿನಾಗ ಸಿಹಿ ಆಗ್ತಾವ ಎಂದವನ ಮಾತೇ ನನ್ನ ಬಾಯಲ್ಲಿತ್ತು, ನಿಮ್ಮ ಚೀಟಿಯ ಮಾತೇ ಇತ್ತು. ವರ್ಷವಿಡೀ ನಾನು ಹೇಸಿದ್ದೆಲ್ಲ ನನ್ನದೇ ದವಡೆಯ ನಡುವೆ ಕುಳಿತಿತ್ತು. ತುಟಿ ಬಿಗಿದೆ. ಮಕ್ತುಂಸಾಬ್ ಕಾಕಾ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದರು, ಮಂಜು ಕಣ್ಣು, ಅವರಿಗೆ ಏನೂ ಕಾಣಲಿಲ್ಲ.

ಕಂಡದ್ದು ನುಂಗಿ ಗೊತ್ತಿದ್ದವಳಿಗೆ. ಗುಂಪಿನ ಹಿಂದೆ ಎಲ್ಲೋ ನಿಂತಿದ್ದ ನೀಲಗಂಗಕ್ಕ ಜನರನ್ನು ಸರಿಸಿಕೊಂಡು ಕಟ್ಟೆ ಹತ್ತಿದಳು. ಕಟ್ಟೆಗೆ ಕಾಲಿಡಬಾರದವಳು. ಯಾರೋ ತಡೆಯಲು ಹೋದರು, ಕೇಳಲಿಲ್ಲ. ನನ್ನ ಎದುರು ನಿಂತು, ಎಳೆಯ ಕೂಸಿನ ಬಾಯಿಯ ಕೆಳಗೆ ತಾಯಿ ಹಿಡಿಯುವ ಹಾಗೆ, ನನ್ನ ಗದ್ದದ ಕೆಳಗೆ ಅಂಗೈ ಹಿಡಿದಳು.

"ಉಗುಳವಾ ಫಕ್ಕೀರಿ" ಎಂದಳು. "ಉಗುಳು. ನಾ ಹಿಡದೀನಿ."

ವರ್ಷದ ನಂತರ ನನಗೆ ಆಡಿದ ಮೊದಲ ಮಾತು. ಅವಳ ಅಂಗೈಯಲ್ಲೇ ಉಗುಳಿದೆ. ಅವಳು ಮುಖ ಸಿಂಡರಿಸಲಿಲ್ಲ. ಮುಷ್ಟಿ ಮುಚ್ಚಿಕೊಂಡು ಜನರ ಕಡೆ ತಿರುಗಿ, "ಇದೂ ಕಹಿ ಐತ್ರಿ. ಹೋದ ವರ್ಷದ್ದೂ ಕಹಿ ಇತ್ತು. ನಮ್ಮ ಮನ್ಯಾಗ ಇನ್ನ ಸೋರಿ ಇಲ್ರಿ" ಎಂದಳು. ಹೋದ ವರ್ಷ ಸಾಯುತ್ತೇನೆಂದರೂ ಬಾಯಿಗೆ ಬಾರದ ಮಾತು. ನಾನು ಅತ್ತುಬಿಟ್ಟೆ. ಜನ ಒಬ್ಬೊಬ್ಬರೇ ಉಡಿ ಮಡಚಿಕೊಂಡು ಹೋದರು. ಮನೆಗೆ ಬಂದು ಬೀಜವನ್ನೆಲ್ಲ ಇಬ್ಬರೂ ಸೇರಿ ಒಲೆಗೆ ಹಾಕಿದೆವು.

ಈಗ ನನ್ನ ಬಿನ್ನಹ. ಸಿಹಿ ಸೋರೆ ನಮ್ಮಲ್ಲಿ ಮುಗಿದಿದೆ, ನಿಮ್ಮಲ್ಲಿ ಇನ್ನೂ ಇದೆ. ನಿಮ್ಮ ಮಾಳಿಗೆಯ ಮೇಲೆ ಈ ಹೊತ್ತಿನಲ್ಲೂ ಹಬ್ಬಿರಬಹುದು. ಕೊಡುವ ಮುಂಚೆ ತಿನ್ನಿ. ಸಂಜೆ ಹೂವಿಗೆ ನೂಲು ಕಟ್ಟಿ. ಬಿತ್ತಲಾರದ್ದನ್ನು ಕೇಳಬೇಡಿ, ಬಿತ್ತದೆ ಉಳಿದದ್ದನ್ನು ಗುಡ್ಡಕ್ಕೆ ಎಸೆಯದೆ ಒಲೆಗೆ ಹಾಕಿ. ಕುಚ್ಚು, ಚಿತ್ರ, ಪ್ರೀತಿಯಿಂದ ಎಂಬ ಬರಹ ನಮಗೆ ಬೇಡ. ಕಹಿಯಾದರೆ ಎಲ್ಲರ ಮುಂದೆ ಉಗುಳಿ, ಬರಿಗೈಯಲ್ಲಿ ಮನೆಗೆ ಹೋಗಿ, ಅದಕ್ಕೆ ಯಾರೂ ಸಾಯುವುದಿಲ್ಲ. ಪಕ್ಕದಲ್ಲಿ ನಿಂತವರಿಗೂ ಒಂದು ಮಾತು: ನಗಬೇಡಿ, ಕೈ ಹಿಡಿಯಿರಿ.

ನೀಲಗಂಗಕ್ಕ ಹೊರಗೆ ಬೂದಿ ಹಾಕಿ ಕೈ ಉಜ್ಜುತ್ತಿದ್ದಾಳೆ, ನಿನ್ನೆಯಿಂದ ಎಷ್ಟು ಸಲ ಉಜ್ಜಿದಳೋ. "ಥೂ, ನಿನ್ನ ಎಂಜಲಾ ಇನ್ನೂ ಕಹಿ ಐತಿ ನೋಡ" ಎಂದು ಬೈಯುತ್ತಿದ್ದಾಳೆ, ಕೋಳಿಗಲ್ಲ, ನನಗೆ.

ಈ ಓಲೆ ಇಟ್ಟಿರುವುದು ಅದೇ ಬಳ್ಳಿಯ ಬುರುಡೆಯಲ್ಲಿ. ಒಳಗೆಲ್ಲ ಕೆರೆದು ತೊಳೆದಿದ್ದೇನೆ. ಬೀಜ ಒಂದೂ ಇಲ್ಲ, ಅಲುಗಾಡಿಸಿ ನೋಡಬೇಡಿ.

ಫಕ್ಕೀರವ್ವ
ಸಿಹಿಸೋರೆಯವರ ಮನೆ